ಜರಡಿ ಎಲ್ಲಿದೆ? ಪೆಟ್ರೋಲ್ ಸೋರಿದ ನೆಲದಡಿಯ ನೀರನ್ನು ಅಳೆಯುವ ಬಗ್ಗೆ ಒಂದು ಟಿಪ್ಪಣಿ

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್ ದ್ವೀಪದ ದಕ್ಷಿಣ ದಡಕ್ಕೆ ಹತ್ತಿರ ಈಸ್ಟ್ ಪ್ಯಾಚೋಗ್ ಎಂಬ ಊರಿದೆ. ಅಲ್ಲೊಂದು ಮುಚ್ಚಿದ ಪೆಟ್ರೋಲ್ ಬಂಕು. ನೆಲದಡಿ ಹೂತಿದ್ದ ಅದರ ಟ್ಯಾಂಕುಗಳನ್ನು 1988ರಲ್ಲಿ ಅಗೆದು ತೆಗೆದಿದ್ದರು. ಅಷ್ಟರೊಳಗೆ ಸೋರಿಹೋಗಿದ್ದ ಪೆಟ್ರೋಲು ಎಲ್ಲಿಯವರೆಗೆ ಹರಿದಿದೆ ಎಂಬ ಸುಳಿವು ಸಿಕ್ಕಿದ್ದು ಸುಮಾರು 4,000 ಅಡಿ ದೂರದ ಒಂದು ಮನೆಯಲ್ಲಿ. ಆ ಮನೆಯವರ ಕುಡಿಯುವ ನೀರಿನ ಬಾವಿ ಕೆಟ್ಟಿತು. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯವರು ಆ ಬಾವಿಯಿಂದ ಅಂತರ್ಜಲದ ಹರಿವಿಗೆ ಎದುರಾಗಿ ಹೆಜ್ಜೆ ಹೆಜ್ಜೆಗೂ ಕೊರೆಯುತ್ತ ಬಂದಾಗ ಬಂಕಿನ ಜಾಗ ಸಿಕ್ಕಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಒಂದು ಮೈಲಿಗೂ ಹೆಚ್ಚು ಉದ್ದದ ಬಾಲ ಬಿಟ್ಟಿತ್ತು.

ಈ ಪ್ರಕರಣವನ್ನು ಅಮೆರಿಕದ ಪರಿಸರ ಸಂಸ್ಥೆಯ ಜೇಮ್ಸ್ ವೀವರ್ ಮತ್ತು ನ್ಯೂಯಾರ್ಕಿನ ಅಧಿಕಾರಿಗಳು ಸೇರಿ ವಿವರವಾಗಿ ಬರೆದಿಟ್ಟಿದ್ದಾರೆ. ಅಂತರ್ಜಲ ಮಾಲಿನ್ಯದ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ಅನಾಹುತಗಳಿವೆ. ಆದರೂ ನಾನು ಮತ್ತೆ ಮತ್ತೆ ಇದಕ್ಕೇ ಮರಳುವುದಕ್ಕೆ ಕಾರಣ ಒಂದು ಸಣ್ಣ ವಿವರ. ಆ ಮನೆಯ ಬಾವಿ ಕೆಟ್ಟದ್ದು ಅದು ಆಳವಾಗಿದ್ದುದರಿಂದ. ಅದೇ ಅಂಗಳದಲ್ಲಿ ನೀರಿನ ಮಟ್ಟವನ್ನು ಮುಟ್ಟುವಷ್ಟೇ ಆಳಕ್ಕೆ ಒಂದು ನಿಗಾ ಬಾವಿ ಕೊರೆದು ಪರೀಕ್ಷೆ ಮಾಡಿದ್ದರೆ ಪ್ರಯೋಗಾಲಯದಿಂದ ‘ಪತ್ತೆಯಿಲ್ಲ’ ಎಂಬ ವರದಿ ಬರುತ್ತಿತ್ತು. ವರದಿ ಸುಳ್ಳಲ್ಲ, ಯಂತ್ರವೂ ಸರಿ, ಮಾದರಿ ತೆಗೆದವನೂ ಸರಿ. ಹೊಲಸು ಮಾತ್ರ ಅವನ ಬಾವಿಯ ಬುಡದ ಕೆಳಗೆ ಹರಿದುಹೋಗುತ್ತಿತ್ತು.

ಪೆಟ್ರೋಲ್ ಸೋರಿದ ಜಾಗದಲ್ಲಿ ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಅಂಕಿ, ಅದನ್ನು ಯಾವ ಆಳದಿಂದ ಹಿಡಿದರು ಎಂಬುದಿಲ್ಲದೆ ಅರ್ಧ ಅಂಕಿ. ಜಾಗ ಶುದ್ಧವಾಯಿತು ಎಂದು ಕಡತ ಮುಚ್ಚುವಾಗಲೂ ಈ ಅರ್ಧ ಅಂಕಿಗಳ ಮೇಲೇ ಸಹಿ ಬೀಳುತ್ತದೆ. ಈ ಟಿಪ್ಪಣಿಯಲ್ಲಿ ನಾನು ತೋರಿಸಬಯಸುವುದು ಅದನ್ನೇ.

ಮೊದಲು ಒಂದು ಪದದ ಒಪ್ಪಂದ. ನಿಗಾ ಬಾವಿ ಎಂದರೆ ಎರಡರಿಂದ ನಾಲ್ಕು ಅಂಗುಲ ವ್ಯಾಸದ ಪಿವಿಸಿ ಕೊಳವೆ. ಅದರ ಮೇಲ್ಭಾಗ ಗಟ್ಟಿ. ಕೆಳಗಿನ ಒಂದು ತುಂಡಿನಲ್ಲಿ ಕೂದಲೆಳೆಯಂಥ ಸೀಳುಗಳಿದ್ದು ಅಲ್ಲಿಂದ ಮಾತ್ರ ನೀರು ಒಳಬರುತ್ತದೆ. ನಮ್ಮ ಕೊಳವೆಬಾವಿಯವರು ಇದನ್ನು ಸ್ಲಾಟೆಡ್ ಪೈಪ್ ಎನ್ನುತ್ತಾರೆ. ಇಲ್ಲಿ ಇದನ್ನು ಜರಡಿ ಎನ್ನುತ್ತೇನೆ. ಬಾವಿಗೆ ಕಣ್ಣೆಂಬುದಿದ್ದರೆ ಅದು ಈ ಜರಡಿಯೊಂದೇ. ಬಂಕುಗಳಲ್ಲಿ ಸಾಮಾನ್ಯವಾಗಿ ಹತ್ತು ಹದಿನೈದು ಅಡಿಯ ಜರಡಿಯನ್ನು ನೀರಿನ ಮಟ್ಟಕ್ಕೆ ಅಡ್ಡಲಾಗಿ, ಸ್ವಲ್ಪ ಮೇಲೆ ಸ್ವಲ್ಪ ಕೆಳಗೆ ಇರುವಂತೆ ಕೂರಿಸುತ್ತಾರೆ. ಪೆಟ್ರೋಲ್ ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.74. ತೇಲುವ ವಸ್ತುವನ್ನು ಮೇಲೆಯೇ ಹುಡುಕಬೇಕು ಎಂಬುದು ಇದರ ಹಿಂದಿನ ತರ್ಕ. ಬಂಕಿನ ಆವರಣದೊಳಗೆ ಈ ತರ್ಕ ಸರಿಯೇ. ಆವರಣದಾಚೆ ಅದು ಕೈಕೊಡುತ್ತದೆ, ಏಕೆಂದರೆ ಅಲ್ಲಿಗೆ ಹೋಗುವುದು ತೇಲುವ ಪೆಟ್ರೋಲಲ್ಲ, ಅದರಿಂದ ನೀರಿಗೆ ಕರಗಿ ಇಳಿದ ಪದಾರ್ಥಗಳು. ಕರಗಿದ್ದಕ್ಕೆ ತೇಲುವ ಗುಣವಿಲ್ಲ. ಅದು ನೀರು ಹೋದತ್ತ ಹೋಗುತ್ತದೆ.

ನೀರು ಕೆಳಕ್ಕೆ ಯಾಕೆ ಹೋಗುತ್ತದೆ? ಮಳೆಯಿಂದ. ಲಾಂಗ್ ಐಲ್ಯಾಂಡಿನಲ್ಲಿ ವರ್ಷಕ್ಕೆ ಸುಮಾರು 44 ಅಂಗುಲ ಮಳೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹಿಮಯುಗದ ಮರಳಿನೊಳಗೆ ಇಂಗುತ್ತದೆ. ಬಂಕಿನಿಂದ ಹೊರಟ ಕೊಳಕು ನೀರು ಅಡ್ಡಲಾಗಿ ಸಾಗುತ್ತಿರುವಾಗ ಪ್ರತಿ ವರ್ಷದ ಹೊಸ ಇಂಗುನೀರು ಅದರ ತಲೆಯ ಮೇಲೆ ಬಂದು ಕೂರುತ್ತದೆ. ಹಾಸಿಗೆಯ ಮೇಲೆ ಹಾಸಿಗೆ ಹಾಕಿದಂತೆ ಹಳೆಯದು ಅಡಿಗೆ ಹೋಗುತ್ತದೆ.

ಎಷ್ಟು ಅಡಿಗೆ ಎಂಬುದಕ್ಕೆ ಒಂದು ಕೈಲೆಕ್ಕ ಹಾಕಬಹುದು. ಲೆಕ್ಕ ನನ್ನದು, ಅಂಕಿಗಳು ಆ ಮರಳುನೆಲಕ್ಕೆ ಒಪ್ಪುವಂಥವು. ವರ್ಷದ ಇಂಗು 0.56 ಮೀಟರ್, ಮರಳಿನ ರಂಧ್ರಾಂಶ 0.3, ನೀರಿನ ಅಡ್ಡವೇಗ ದಿನಕ್ಕೆ ಒಂದು ಅಡಿ ಎಂದು ಹಿಡಿಯೋಣ. 4,000 ಅಡಿ ದಾಟಲು ಸುಮಾರು 11 ವರ್ಷ ಬೇಕು. ಅಷ್ಟರಲ್ಲಿ ಮೇಲೆ ಸೇರಿಕೊಂಡ ಶುದ್ಧ ನೀರಿನ ದಪ್ಪ 0.56 ಗುಣಿಸು 11 ಭಾಗಿಸು 0.3, ಅಂದರೆ 20 ಮೀಟರು ಚಿಲ್ಲರೆ. ಇದು ಗರಿಷ್ಠ. ಆಳಕ್ಕೆ ಹೋದಂತೆ ಕೆಳಮುಖ ವೇಗ ತಗ್ಗುತ್ತದೆ, ಏಕೆಂದರೆ ಜಲಸ್ತರಕ್ಕೆ ತಳವೆಂಬುದಿದೆ. ತಳ 30 ಮೀಟರ್ ಕೆಳಗಿದೆ ಎಂದು ಹಿಡಿದು ತಿದ್ದಿದರೆ ಉತ್ತರ ಸುಮಾರು 15 ಮೀಟರಿಗೆ ಇಳಿಯುತ್ತದೆ. ಇಳಿದ ಮೇಲೂ ಅದು 50 ಅಡಿ. ನೀರಿನ ಮಟ್ಟದಿಂದ ಹತ್ತು ಅಡಿ ಕೆಳಗಿನವರೆಗೆ ಮಾತ್ರ ಕಾಣುವ ಜರಡಿಗೆ ಅಲ್ಲಿ ಏನೂ ಕಾಣುವುದಿಲ್ಲ.

ಈಸ್ಟ್ ಪ್ಯಾಚೋಗ್‌ನಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿತ್ತು. ಬಾಲದ ದಾರಿಯಲ್ಲಿ ಒಂದು ಜಲ್ಲಿ ತೆಗೆದ ಹಳ್ಳವಿತ್ತು. ಗಿಡವಿಲ್ಲ, ಮೇಲ್ಮಣ್ಣಿಲ್ಲ, ಬಿದ್ದ ಮಳೆಯೆಲ್ಲ ನೇರ ಒಳಕ್ಕೆ. ಸರಿಯಾಗಿ ಆ ಹಳ್ಳದ ಕೆಳಗೆ ಬಾಲ ಥಟ್ಟನೆ ಮುಳುಗು ಹಾಕಿದ್ದು ಅಳತೆಯಲ್ಲಿ ಸಿಕ್ಕಿತು. ಇಂಗುಗುಂಡಿಯ ಬಗ್ಗೆ ನಮ್ಮಲ್ಲಿ ಈಗ ಇರುವ ಉತ್ಸಾಹ ನನಗೂ ಇದೆ. ಆದರೆ ಬಂಕಿನ ಪಕ್ಕದ ನಿವೇಶನದಲ್ಲಿ ಇಂಗುಗುಂಡಿ ತೋಡುವವರು ಆ ಹಳ್ಳವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಇಂಗಿದ ನೀರು ಶುದ್ಧವೇ ಇರಬಹುದು, ಅದು ಕೆಳಗೆ ಏನನ್ನು ಒತ್ತುತ್ತಿದೆ ಎಂಬುದು ಬೇರೆ ವಿಷಯ.

ಹರಿಯುತ್ತ ಹೋದಂತೆ ಕೊಳಕು ಮೇಲೆ ಕೆಳಗೆ ಹರಡಿ ಎಲ್ಲ ಆಳಕ್ಕೂ ಸಿಗುವಂತಾಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ ಎಂಬುದಕ್ಕೆ ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಲ್ಲಿ 1985ರಲ್ಲಿ ಶುರುವಾದ ದೊಡ್ಡ ಪ್ರಯೋಗ ಸಾಕ್ಷಿ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ಮರಳಿನ ಜಲಸ್ತರಕ್ಕೆ ಗುರುತುದ್ರವ್ಯ ಬಿಟ್ಟು, ಸಾವಿರಾರು ಬಿಂದುಗಳಲ್ಲಿ ಮಾದರಿ ತೆಗೆದು ಅದರ ಹರಡುವಿಕೆಯನ್ನು ಅಳೆದರು. ಹರಡುವಿಕೆಯ ಅಳತೆಯಾದ ಪ್ರಸರಣಾಂಕ ಹರಿವಿನ ದಿಕ್ಕಿಗೆ 0.96 ಮೀಟರ್, ಅಕ್ಕಪಕ್ಕಕ್ಕೆ 1.8 ಸೆಂಟಿಮೀಟರ್, ಮೇಲೆ ಕೆಳಗೆ ಬರೀ 1.5 ಮಿಲಿಮೀಟರ್. ಮಾಲಿನ್ಯದ ಬಾಲ ಹೊಗೆಯಂತೆ ಉಬ್ಬುವುದಿಲ್ಲ. ಅದು ಉದ್ದಕ್ಕೆ ಎಳೆದ ರಿಬ್ಬನ್ನು. ಇಂಥ ತೆಳು ಪಟ್ಟಿಯನ್ನು ಹಿಡಿಯಲು ಒಂದೇ ರಂಧ್ರದಲ್ಲಿ ಆಳಾಳಕ್ಕೆ ಪುಟ್ಟ ಬಾಯಿಗಳಿರುವ ಬಹುಮಟ್ಟದ ಮಾದರಿಕೊಳವೆ ಬೇಕು. ಈಸ್ಟ್ ಪ್ಯಾಚೋಗ್‌ನ ಚಿತ್ರ ಸಿಕ್ಕಿದ್ದೂ ಅಂಥ ಕೊಳವೆಗಳಿಂದ.

ಹಾಗಾದರೆ ಜರಡಿಯನ್ನೇ ಉದ್ದ ಮಾಡಿಬಿಟ್ಟರೆ? ಆಗ ಇನ್ನೊಂದು ಬಗೆಯ ಮೋಸ. 30 ಸೆಂಟಿಮೀಟರ್ ದಪ್ಪದ ಪದರದಲ್ಲಿ ಲೀಟರಿಗೆ 1,000 ಮೈಕ್ರೋಗ್ರಾಂ ಬೆಂಜೀನ್ ಇದೆ, ಅದರ ಮೇಲೆ ಕೆಳಗೆ ಶುದ್ಧ ನೀರಿದೆ ಎನ್ನಿ. ಒಂದೇ ಬಗೆಯ ಮರಳಿನಲ್ಲಿ 3 ಮೀಟರ್ ಜರಡಿಯ ಬಾವಿ 100 ತೋರಿಸುತ್ತದೆ, 15 ಮೀಟರ್ ಜರಡಿಯದು 20 ತೋರಿಸುತ್ತದೆ. ಜರಡಿಯನ್ನು 60 ಮೀಟರಿಗೆ ಎಳೆದರೆ 5ಕ್ಕೆ ಇಳಿದು ಅಮೆರಿಕದ ಕುಡಿಯುವ ನೀರಿನ ಮಿತಿಯೊಳಗೆ ಬಂದುಬಿಡುತ್ತದೆ! ನೆಲದಲ್ಲಿ ಒಂದು ಹನಿಯೂ ಬದಲಾಗಿಲ್ಲ, ಕೊಳವೆ ಉದ್ದವಾಯಿತು ಅಷ್ಟೆ. ಆಳವಿಲ್ಲದ ಅಂಕಿಯನ್ನು ಅರ್ಧ ಅಂಕಿ ಎಂದದ್ದು ಇದಕ್ಕೇ.

ಪೆಟ್ರೋಲಿನ ಘಟಕಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಗಾ ಇಡುವುದು ಮುಖ್ಯವಾಗಿ ಬೆಂಜೀನ್, ಟಾಲ್ಯೂಈನ್, ಈಥೈಲ್‌ಬೆಂಜೀನ್, ಝೈಲೀನ್ ಎಂಬ ನಾಲ್ಕರ ಮೇಲೆ. ಇವುಗಳಲ್ಲಿ ಬೆಂಜೀನ್ ಕ್ಯಾನ್ಸರ್‌ಕಾರಕ. ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 10. ಭಾರತದ ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡ 1ರವರೆಗೆ ಇರಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಅದು 10 ಮಿಲಿಲೀಟರ್, ತೂಕದಲ್ಲಿ ಸುಮಾರು 8.8 ಗ್ರಾಂ. ಅಷ್ಟೂ ನೀರಿಗೆ ಇಳಿದರೆ 5 ಮೈಕ್ರೋಗ್ರಾಂ ಮಿತಿಗೆ ತರಲು 17 ಲಕ್ಷ ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ಎಂಟಿಬಿಇ ಇನ್ನೊಂದು ಜಾತಿ. ಮುಂಚಿನಿಂದಲೂ ಬಳಕೆಯಲ್ಲಿದ್ದ ಇದನ್ನು, ಪೆಟ್ರೋಲು ಸ್ವಚ್ಛವಾಗಿ ಉರಿಯಲೆಂದು 1990ರ ದಶಕದಲ್ಲಿ ಅಮೆರಿಕದ ಹಲವು ನಗರಗಳ ಪೆಟ್ರೋಲಿಗೆ ಶೇಕಡ 15ರವರೆಗೆ ಬೆರೆಸುತ್ತಿದ್ದರು. ನೀರಿನಲ್ಲಿ ಧಾರಾಳ ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಸುಲಭಕ್ಕೆ ರುಚಿಸುವುದಿಲ್ಲ. ಲೀಟರಿಗೆ ಕೆಲವೇ ಹತ್ತು ಮೈಕ್ರೋಗ್ರಾಂ ಇದ್ದರೂ ನೀರಿಗೆ ಟರ್ಪೆಂಟೈನಿನಂಥ ವಾಸನೆ. ಗಾಳಿಯನ್ನು ಶುದ್ಧ ಮಾಡಲು ಹೊರಟ ವಸ್ತು ನೀರನ್ನು ಕೆಡಿಸಿತು, 2004ರ ಹೊತ್ತಿಗೆ ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ಎರಡೂ ಅದನ್ನು ನಿಷೇಧಿಸಿದವು. ಈಸ್ಟ್ ಪ್ಯಾಚೋಗ್‌ನಲ್ಲಿ ಝೈಲೀನ್ ಹಿಂದುಳಿದು, ಬೆಂಜೀನ್ ಅದಕ್ಕಿಂತ ಮುಂದೆ ಹೋಗಿ, ಎಂಟಿಬಿಇ ಎಲ್ಲರನ್ನೂ ದಾಟಿ ಹೋಗಿತ್ತು. ಜಾತ್ರೆಯಿಂದ ಒಟ್ಟಿಗೇ ಹೊರಟವರು ಅವರವರ ಕಾಲಿನ ಶಕ್ತಿಯಂತೆ ದಾರಿಯಲ್ಲಿ ಚೆದುರಿದ ಹಾಗೆ.

ಇನ್ನು ಆವರಣದೊಳಗಿನ ಒಂದು ತಪ್ಪು. ಟ್ಯಾಂಕಿನ ಪಕ್ಕದ ಬಾವಿಯಲ್ಲಿ ಪೆಟ್ರೋಲ್ ತೇಲುತ್ತಿದ್ದರೆ ಅದರ ದಪ್ಪವನ್ನು ಅಳೆದು ಬರೆಯುತ್ತಾರೆ. ಬಾವಿಯೊಳಗಿನ ದಪ್ಪ ನೆಲದೊಳಗಿನ ದಪ್ಪವಲ್ಲ, ಎಷ್ಟೋ ಪಟ್ಟು ಹೆಚ್ಚಿರಬಹುದು ಎಂಬುದು ಬಹುಮಂದಿಗೆ ಗೊತ್ತು. ಕಡಿಮೆ ಜನ ಗಮನಿಸುವುದು ಬೇರೆ: ತೇಲುವ ಪೆಟ್ರೋಲ್ ತನ್ನ ಭಾರದಿಂದ ಬಾವಿಯ ನೀರನ್ನು ಕೆಳಕ್ಕೆ ಒತ್ತಿರುತ್ತದೆ. ಅರ್ಧ ಮೀಟರ್ ಪೆಟ್ರೋಲ್ ಇದ್ದರೆ ನೀರಿನ ನಿಜವಾದ ಮಟ್ಟ ಕಂಡದ್ದಕ್ಕಿಂತ 0.37 ಮೀಟರ್ ಮೇಲಿದೆ. ಇದು ಚಿಲ್ಲರೆಯಂತೆ ಕಾಣಬಹುದು. ಮರಳುನೆಲದಲ್ಲಿ ನೀರಿನ ಮಟ್ಟದ ಇಳಿಜಾರು ಸಾವಿರಕ್ಕೆ ಒಂದರಷ್ಟಿರುವುದು ಸಾಮಾನ್ಯ, ಅಂದರೆ 100 ಮೀಟರಿಗೆ 10 ಸೆಂಟಿಮೀಟರ್. 37 ಸೆಂಟಿಮೀಟರ್ ತಪ್ಪಿದವನ ನಕ್ಷೆಯಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ, ಮುಂದಿನ ಬಾವಿಗಳನ್ನೆಲ್ಲ ಅವನು ಬಂಕಿನ ಬೆನ್ನಹಿಂದೆ ಕೊರೆಯುತ್ತಾನೆ. ಅಲ್ಲಿ ಏನೂ ಸಿಗದಿದ್ದಾಗ ಅದನ್ನೇ ಶುಭವಾರ್ತೆಯೆಂದು ಬರೆಯುವ ಸಾಧ್ಯತೆ ಇದೆ.

ನೀರಿನ ಮಟ್ಟದ ಏರಿಳಿತವೂ ಹೀಗೆಯೇ ಕಣ್ಣು ಕಟ್ಟುತ್ತದೆ. ಮಟ್ಟ ಇಳಿದಾಗ ಪೆಟ್ರೋಲೂ ಜೊತೆಗೆ ಇಳಿದು ದಾರಿಯ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಮಟ್ಟ ಏರಿದಾಗ ಬಳಿದ ಪೆಟ್ರೋಲು ಮರಳಿನ ಸಂದುಗಳಲ್ಲಿ ಸಿಕ್ಕಿಬಿದ್ದು ನೀರಿನಡಿ ಉಳಿಯುತ್ತದೆ. ಬಾವಿಯಲ್ಲಿ ತೇಲುತ್ತಿದ್ದುದು ಮಾಯವಾಗುತ್ತದೆ. ಅದು ಹೋಗಿಲ್ಲ, ಅಡಗಿದೆ. ಮುಂದಿನ ಬೇಸಗೆಗೆ ಮತ್ತೆ ಬರುತ್ತದೆ.

ಮಾದರಿ ಹಿಡಿಯುವ ಕೆಲಸದಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಬಕೆಟ್ಟಿನಂಥ ಸೇದುಕೊಳವೆಯನ್ನು ಬಾವಿಗೆ ಇಳಿಬಿಟ್ಟು ಎತ್ತುವಾಗ ನೀರು ಕಲಕಿ, ಬೆಂಜೀನಿನ ಒಂದಷ್ಟು ಪಾಲು ಗಾಳಿಗೆ ಹಾರುತ್ತದೆ. ಅದಕ್ಕಾಗಿ 1996ರಲ್ಲಿ ರಾಬರ್ಟ್ ಪುಲ್ಸ್, ಮೈಕೆಲ್ ಬಾರ್ಸಿಲೋನ ಇಬ್ಬರೂ ಅಮೆರಿಕದ ಪರಿಸರ ಸಂಸ್ಥೆಗೆ ಬರೆದುಕೊಟ್ಟ ಮಂದಗತಿ ವಿಧಾನ ಇಂದು ರೂಢಿಯಲ್ಲಿದೆ. ಪಂಪನ್ನು ಜರಡಿಯ ಎದುರಿಗೇ ನಿಲ್ಲಿಸಿ, ನಿಮಿಷಕ್ಕೆ ಅರ್ಧ ಲೀಟರ್ ಮೀರದಂತೆ, ಬಾವಿಯ ಮಟ್ಟ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಕುಸಿಯದಂತೆ ನೀರೆತ್ತಬೇಕು. ಆಮ್ಲೀಯತೆ, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಇವು ಸತತ ಮೂರು ಅಳತೆಗಳಲ್ಲಿ ನಿಂತಲ್ಲೇ ನಿಂತ ಮೇಲೆ 40 ಮಿಲಿಲೀಟರಿನ ಗಾಜಿನ ಶೀಶೆಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ವಿಧಾನ ಒಳ್ಳೆಯದು, ನನಗೆ ತಕರಾರಿಲ್ಲ. ಆದರೆ ಪಂಪಿನ ಬಾಯಿ ನಿಂತ ಆಳವನ್ನು ಬರೆಯದೆ ಉಳಿದದ್ದೆಲ್ಲವನ್ನೂ ದಶಮಾಂಶದವರೆಗೆ ಬರೆದರೆ ಏನು ಬಂತು?

ಶೀಶೆಯೊಳಗೂ ಒಂದು ಬಲೆಯಿದೆ. ಸೂಕ್ಷ್ಮಜೀವಿಗಳು ದಾರಿಯಲ್ಲಿ ಬೆಂಜೀನನ್ನು ತಿನ್ನದಿರಲೆಂದು ಮಾದರಿಗೆ ಆಮ್ಲ ಹಾಕುವುದು ವಾಡಿಕೆ. ಪ್ರಯೋಗಾಲಯ ಆ ಮಾದರಿಯನ್ನು ಬಿಸಿಮಾಡಿ ಆವಿ ತೆಗೆದು ಪರೀಕ್ಷಿಸಿದರೆ, ಆಮ್ಲ ಮತ್ತು ಬಿಸಿ ಸೇರಿ ಎಂಟಿಬಿಇಯ ಒಂದು ಭಾಗ ಮುರಿದು ಟಿಬಿಎ ಎಂಬ ಆಲ್ಕೊಹಾಲಾಗುತ್ತದೆ. ಟಿಬಿಎ ನೆಲದೊಳಗೆ ಎಂಟಿಬಿಇ ಕೊಳೆತಾಗಲೂ ಹುಟ್ಟುವ ವಸ್ತು. ಹೀಗಾಗಿ ಪ್ರಯೋಗಾಲಯದಲ್ಲಿ ಆದದ್ದನ್ನು ಪ್ರಕೃತಿ ತಾನಾಗಿ ಶುದ್ಧ ಮಾಡಿತೆಂದು ಓದುವ ಅಪಾಯ. ಆಮ್ಲದ ಬದಲು ಟ್ರೈಸೋಡಿಯಂ ಫಾಸ್ಫೇಟ್ ಹಾಕಿದರೆ ಈ ತೊಂದರೆಯಿಲ್ಲ.

ಶುದ್ಧೀಕರಣಕ್ಕೆ ಬರೋಣ. ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಗರದ ಚಾರ್ನಾಕ್ ಬಾವಿಗಳಲ್ಲಿ 1995ರಲ್ಲಿ ಎಂಟಿಬಿಇ ಕಂಡಿತು. ಮುಂದೆ ಅದು ಲೀಟರಿಗೆ 610 ಮೈಕ್ರೋಗ್ರಾಂವರೆಗೆ ಏರಿತು. 1996ರಲ್ಲಿ ಬಾವಿಗಳನ್ನು ನಿಲ್ಲಿಸಿದಾಗ ನಗರ ತನ್ನ ಕುಡಿಯುವ ನೀರಿನ ಅರ್ಧದಷ್ಟನ್ನು ಕಳೆದುಕೊಂಡು ಹೊರಗಿನಿಂದ ಕೊಳ್ಳಬೇಕಾಯಿತು. ಸುತ್ತಮುತ್ತ ಅನುಮಾನಕ್ಕೆ ಸಿಕ್ಕ ಬಂಕು, ಪೈಪ್‌ಲೈನುಗಳು ಸುಮಾರು ಮೂವತ್ತು. ಸಕ್ರಿಯ ಇಂಗಾಲದ ತೊಟ್ಟಿಗಳ ಶುದ್ಧೀಕರಣ ವ್ಯವಸ್ಥೆಯೊಡನೆ ಬಾವಿಗಳು ಸೇವೆಗೆ ಮರಳಿದ್ದು 2011ರಲ್ಲಿ. ನಡುವೆ ಹದಿನೈದು ವರ್ಷ.

ಮೇಲೆತ್ತಿದ ನೀರನ್ನು ಶುದ್ಧ ಮಾಡುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ಬೆಂಜೀನ್ ಇರುವ ನೀರನ್ನು ಗೋಪುರದ ಮೇಲಿನಿಂದ ಸುರಿದು ಕೆಳಗಿನಿಂದ ಗಾಳಿ ಊದಿದರೆ ಬೆಂಜೀನ್ ಗಾಳಿಗೆ ಹತ್ತುತ್ತದೆ. ಎಂಟಿಬಿಇ ಅಷ್ಟು ಬೇಗ ನೀರನ್ನು ಬಿಡುವುದಿಲ್ಲ, ಗಾಳಿಗೇರುವ ಅದರ ಒಲವು ಬೆಂಜೀನಿನ ಹತ್ತನೆಯ ಒಂದು ಪಾಲಿನಷ್ಟು. ಇಂಗಾಲಕ್ಕೂ ಅದು ಸರಿಯಾಗಿ ಅಂಟದ ಕಾರಣ ತೊಟ್ಟಿಯ ಇಂಗಾಲವನ್ನು ಬೇಗ ಬೇಗ ಬದಲಿಸಬೇಕು. ಇವೆಲ್ಲ ಖರ್ಚಿನ ಪ್ರಶ್ನೆಗಳು. ಕಷ್ಟದ ಭಾಗ ಮೇಲೆ ಬಾರದೆ ಉಳಿದದ್ದರಲ್ಲಿದೆ. ಮರಳಿನ ಸಂದಿನಲ್ಲಿ ಸಿಕ್ಕಿದ ಪೆಟ್ರೋಲು, ಜೇಡಿಯ ಪದರದೊಳಗೆ ನುಸುಳಿದ ಬೆಂಜೀನ್ ವರ್ಷಾನುಗಟ್ಟಲೆ ನಿಧಾನ ಒಸರುತ್ತಿರುತ್ತವೆ. ಪಂಪು ಓಡುತ್ತಿರುವಾಗ ಅಕ್ಕಪಕ್ಕದ ಶುದ್ಧ ನೀರೂ ಬಾವಿಗೆ ಎಳೆದುಬಂದು ಅಂಕಿ ಕೆಳಗಿಳಿಯುತ್ತದೆ. ಗ್ರಾಫು ಚೆಂದ. ಪಂಪು ನಿಲ್ಲಿಸಿ ಕೆಲವು ತಿಂಗಳು ಬಿಟ್ಟು ನೋಡಿದರೆ ಅಂಕಿ ಮತ್ತೆ ಏರಿರುತ್ತದೆ. ಪಂಪನ್ನು ನಿಲ್ಲಿಸಿ ಒಂದು ಮಳೆಗಾಲ, ಒಂದು ಬೇಸಗೆ ಕಳೆಯುವವರೆಗೆ ಬಂದ ಯಾವ ಅಂಕಿಯನ್ನೂ ನಾನು ಶುದ್ಧೀಕರಣದ ಫಲಿತಾಂಶವೆಂದು ಒಪ್ಪಲಾರೆ.

ಆದ್ದರಿಂದ ಮೊದಲ ಕೈ ಮೂಲಕ್ಕೇ ಹೋಗಬೇಕು: ಟ್ಯಾಂಕು, ಅದರ ಸುತ್ತಲ ನೆನೆದ ಮಣ್ಣು, ತೇಲುವ ಪೆಟ್ರೋಲು. ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣಿನಿಂದ ನಿರ್ವಾತ ಪಂಪಿನಲ್ಲಿ ಆವಿ ಎಳೆಯುವುದು ಬಂಕುಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ವಿಧಾನ, ಏಕೆಂದರೆ ಪೆಟ್ರೋಲ್ ಹಾರುವ ಸರಕು. ಜೊತೆಗೆ ನೀರಿನಡಿಗೆ ಗಾಳಿ ಊದಿದರೆ ಕರಗಿದ ಬೆಂಜೀನ್ ಗುಳ್ಳೆಗಳೊಡನೆ ಏರುತ್ತದೆ, ಆಮ್ಲಜನಕ ಸಿಕ್ಕ ಸೂಕ್ಷ್ಮಜೀವಿಗಳು ಉಳಿದದ್ದನ್ನು ತಿನ್ನುತ್ತವೆ. ಆಮ್ಲಜನಕದ ಲೆಕ್ಕ ಇಲ್ಲಿ ಕಟ್ಟುನಿಟ್ಟು. ಒಂದು ಮಿಲಿಗ್ರಾಂ ಬೆಂಜೀನ್ ಪೂರ್ತಿ ಉರಿಯಲು 3.1 ಮಿಲಿಗ್ರಾಂ ಆಮ್ಲಜನಕ ಬೇಕು. ಚೆನ್ನಾಗಿ ಗಾಳಿಯಾಡಿದ ನೀರಿನಲ್ಲೂ ಅದು ಲೀಟರಿಗೆ 8 ಮಿಲಿಗ್ರಾಂ ಸುಮಾರು. ಅಷ್ಟರಿಂದ ಎರಡೂವರೆ ಮಿಲಿಗ್ರಾಂ ಬೆಂಜೀನ್ ಮುಗಿಯುತ್ತದೆ. ಬಂಕಿನ ಕೆಳಗೆ ಎಲ್ಲ ಘಟಕಗಳೂ ಸೇರಿ ಹತ್ತಾರು ಮಿಲಿಗ್ರಾಂ ಇರುವಾಗ ಬಾಲದ ನಡುವೆ ಆಮ್ಲಜನಕ ಮೊದಲಿಗೇ ಬರಿದು. ಆಮೇಲೆ ನೈಟ್ರೇಟು, ಕಬ್ಬಿಣ, ಸಲ್ಫೇಟುಗಳನ್ನು ಉಸಿರಾಡುವ ಜೀವಿಗಳ ಸರದಿ. ಅವುಗಳ ಕೆಲಸ ನಿಧಾನ.

ನಿಧಾನವಾದರೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ಕೆನಡಾದ ಬಾರ್ಡನ್‌ನಲ್ಲಿ ಜಾನ್ ಬಾರ್ಕರ್ ತಂಡ ಮರಳಿನ ಜಲಸ್ತರಕ್ಕೆ ಬೆಂಜೀನ್, ಟಾಲ್ಯೂಈನ್, ಝೈಲೀನ್ ಕರಗಿಸಿದ ನೀರು ಬಿಟ್ಟು ನೋಡಿದಾಗ 434 ದಿನಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮುಗಿದಿತ್ತು, ಕೊನೆಯವರೆಗೆ ಉಳಿದದ್ದು ಬೆಂಜೀನ್. 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಕ್ಯಾಲಿಫೋರ್ನಿಯದ 271 ಸೋರಿಕೆಗಳ ಕಡತ ಜಾಲಾಡಿ, ನೂರರಲ್ಲಿ ತೊಂಬತ್ತು ಕಡೆ ಬೆಂಜೀನ್ ಬಾಲ 260 ಅಡಿ ದಾಟಿಲ್ಲ ಎಂದರು. ಟೆಕ್ಸಸಿನ 217 ಬಾಲಗಳ ಅಧ್ಯಯನ 1997ರಲ್ಲಿ ಮುಕ್ಕಾಲು ಪಾಲು 250 ಅಡಿಯೊಳಗಿವೆ ಎಂದಿತು. ಮೂಲ ತೆಗೆದು ಮಿಕ್ಕದ್ದನ್ನು ಪ್ರಕೃತಿಗೆ ಬಿಟ್ಟು ನಿಗಾ ಇಡಿ ಎಂಬ ನೀತಿಗೆ ಈ ಎರಡು ಅಧ್ಯಯನಗಳು ಬೆನ್ನೆಲುಬಾದವು.

ಬೆಂಜೀನ್ ಬಾಲ ಬಹುಪಾಲು ಗಿಡ್ಡ ಎಂಬುದನ್ನು ನಾನೂ ನಂಬುತ್ತೇನೆ. ಬಾರ್ಡನ್ನಿನ ಪ್ರಯೋಗ ಅದಕ್ಕೆ ಸ್ವತಂತ್ರ ಆಧಾರ. ಆದರೆ ಆ ಕಡತಗಳ ಅಂಕಿಗಳು ಬಂದದ್ದು ಬಂಕುಗಳ ವಾಡಿಕೆಯ ನಿಗಾ ಬಾವಿಗಳಿಂದ, ಅಂದರೆ ಬಹುಮಟ್ಟಿಗೆ ನೀರಿನ ಮಟ್ಟಕ್ಕೆ ಅಡ್ಡಲಾಗಿ ಕೂತ ಮೇಲಿನ ಜರಡಿಗಳಿಂದ. ಅಂಥ ಬಾವಿಯಲ್ಲಿ ಬಾಲ ಮುಗಿದಂತೆ ಕಾಣಲು ಎರಡು ಕಾರಣಗಳು ಸಾಧ್ಯ. ಬೆಂಜೀನನ್ನು ಜೀವಿಗಳು ತಿಂದಿರಬಹುದು, ಅಥವಾ ಅದು ಜರಡಿಯ ಕೆಳಗೆ ಇಳಿದುಹೋಗಿರಬಹುದು. ಇವೆರಡನ್ನೂ ಬೇರ್ಪಡಿಸುವ ಉಪಾಯವೇನೂ ಗಹನವಲ್ಲ. ಬಾಲದ ತುದಿಯಲ್ಲಿ ಒಂದು ಆಳದ ಬಾವಿ ಕೊರೆಯಬೇಕು. ಜೊತೆಗೆ ಆಮ್ಲಜನಕ, ಕರಗಿದ ಕಬ್ಬಿಣ, ಸಲ್ಫೇಟ್, ಮೀಥೇನ್ ಅಳೆಯಬೇಕು. ಬೆಂಜೀನ್ ಇಲ್ಲದಿದ್ದರೂ ಆಮ್ಲಜನಕ ಬರಿದಾಗಿ ಕಬ್ಬಿಣ ಹೆಚ್ಚಿದ್ದರೆ ಅಲ್ಲಿ ಊಟ ನಡೆದಿದೆ, ಎಲೆ ಎತ್ತಿಲ್ಲ. ಬೆಂಜೀನೂ ಇಲ್ಲ, ಆಮ್ಲಜನಕ ತುಂಬಿ ತುಳುಕುತ್ತಿದೆ ಎಂದಾದರೆ ಆ ಬಾವಿ ನೋಡುತ್ತಿರುವುದು ಮೊನ್ನೆ ಬಿದ್ದ ಮಳೆಯನ್ನು. ಬಾಲದ ಬಗ್ಗೆ ಅದು ಯಾವ ಸಾಕ್ಷ್ಯವನ್ನೂ ಹೇಳುತ್ತಿಲ್ಲ.

ಈಗ ಈ ಲೆಕ್ಕಕ್ಕೆ ಎಥನಾಲ್ ಸೇರಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು. ಎಥನಾಲ್ ತಾನಾಗಿ ಅಂತರ್ಜಲದಲ್ಲಿ ಬಹಳ ಉಳಿಯುವುದಿಲ್ಲ, ಜೀವಿಗಳಿಗೆ ಅದು ಪಾಯಸ. ತೊಂದರೆ ಅಲ್ಲಿಯೇ ಇರುವುದು. ಒಂದು ಮಿಲಿಗ್ರಾಂ ಎಥನಾಲಿಗೆ 2.1 ಮಿಲಿಗ್ರಾಂ ಆಮ್ಲಜನಕ ಬೇಕು, ಅದೂ ಬೆಂಜೀನಿಗಿಂತ ನೂರಾರು ಪಟ್ಟು ಹೆಚ್ಚು ಪ್ರಮಾಣದಲ್ಲಿ ಕರಗಿರುತ್ತದೆ. ಪಾಯಸ ಮುಗಿಯುವವರೆಗೆ ಬೆಂಜೀನಿನ ಕಡೆ ಯಾರೂ ತಿರುಗುವುದಿಲ್ಲ. ಬ್ರೆಜಿಲಿನ ಫ್ಲೋರಿಯಾನೊಪೊಲಿಸ್‌ನಲ್ಲಿ ಹೆನ್ರಿ ಕೊರ್ಸೇಯಿ ತಂಡ 1998ರ ಡಿಸೆಂಬರಿನಲ್ಲಿ ಶೇಕಡ 24 ಎಥನಾಲ್ ಇದ್ದ 100 ಲೀಟರ್ ಪೆಟ್ರೋಲನ್ನು ಬೇಕೆಂದೇ ನೆಲಕ್ಕೆ ಬಿಟ್ಟು ವರ್ಷಗಟ್ಟಲೆ ಗಮನಿಸಿತು. ಎಥನಾಲ್ ತೀರಿದ ಮೇಲಷ್ಟೇ ಬೆಂಜೀನ್ ಗುಂಪಿನ ಬಾಲ ಹಿಂದೆ ಸರಿಯತೊಡಗಿತು. ಕ್ಯಾಲಿಫೋರ್ನಿಯದ ವ್ಯಾಂಡನ್‌ಬರ್ಗ್ ವಾಯುನೆಲೆಯಲ್ಲಿ ಡಗ್ಲಸ್ ಮೆಕೇ ತಂಡ ಅಕ್ಕಪಕ್ಕ ಎರಡು ಹಾದಿಗಳಲ್ಲಿ, ಒಂದರಲ್ಲಿ ಎಥನಾಲಿನೊಡನೆ ಇನ್ನೊಂದರಲ್ಲಿ ಎಥನಾಲಿಲ್ಲದೆ, ಬೆಂಜೀನ್ ಬಿಟ್ಟು 2006ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ: ಎಥನಾಲ್ ಇದ್ದ ಕಡೆ ಬೆಂಜೀನ್ ಹೆಚ್ಚು ದೂರ ಹೋಯಿತು. 260 ಅಡಿಯ ಸಮಾಧಾನ ಎಥನಾಲಿಗೆ ಮುಂಚಿನ ಕಾಲದ್ದು. ಅದನ್ನು ಇಂದಿನ ನಮ್ಮ ಬಂಕುಗಳಿಗೆ ಹಾಗೆಯೇ ಎರವಲು ತರುವಂತಿಲ್ಲ.

ಎರವಲು ತರಲಾಗದ್ದಕ್ಕೆ ಇನ್ನೂ ದೊಡ್ಡ ಕಾರಣ ನಮ್ಮ ಕಾಲ ಕೆಳಗಿನ ಕಲ್ಲು. ಇಷ್ಟು ಹೊತ್ತು ಹೇಳಿದ್ದೆಲ್ಲ ಮರಳುನೆಲದ ಮಾತು. ಬಯಲುಸೀಮೆಯ ಗ್ರಾನೈಟು, ನೈಸ್ ಶಿಲೆಗಳಲ್ಲಿ ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಬಾವಿ ತೋಡಿದವರಿಗೆ ಇದು ಗೊತ್ತಿರುವ ಸಂಗತಿಯೇ: ಒರತೆ ಯಾವುದೋ ಒಂದು ಮಗ್ಗುಲಿನಿಂದ ಬರುತ್ತದೆ, ಉಳಿದ ಮೂರು ಮಗ್ಗುಲು ಒಣಕಲ್ಲು. ಮಾಲಿನ್ಯವೂ ಆ ಒಂದು ಮಗ್ಗುಲನ್ನೇ ಹಿಡಿಯುತ್ತದೆ. ಹತ್ತು ಮೀಟರ್ ಆಚೆ ಕೊರೆದ ನಿಗಾ ಬಾವಿ ಆ ಬಿರುಕನ್ನು ಮುಟ್ಟದಿದ್ದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಬಂಡೆಯ ರಂಧ್ರಾಂಶ ನೂರಕ್ಕೆ ಒಂದೂ ಇಲ್ಲದಿರುವುದರಿಂದ ಬಿರುಕಿನಲ್ಲಿ ನೀರಿನ ವೇಗ ಮರಳಿನದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬಹುದು. ನಾನು ಮೇಲೆ ಹಾಕಿದ ಮುಳುಗುಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರ ಜೊತೆಗೆ ನಮ್ಮ ಕೊಳವೆಬಾವಿಗಳ ಕಟ್ಟುವಿಕೆಯನ್ನು ನೋಡಿ. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಕೇಸಿಂಗ್ ಇಳಿಸುತ್ತಾರೆ. ಅಲ್ಲಿಂದ ಕೆಳಗೆ ಬರಿಯ ತೂತು. ಬೆಂಗಳೂರಿನ ಸುತ್ತ ಸಾವಿರ ಅಡಿ ದಾಟಿದ ಬಾವಿಗಳು ಈಗ ಅಪರೂಪವಲ್ಲ. ಅಂದರೆ ಇಡೀ ತೂತೇ ಒಂದು ಜರಡಿ, ನೂರಾರು ಮೀಟರ್ ಉದ್ದದ್ದು. ಅದು ಮುಟ್ಟಿದ ಬಿರುಕುಗಳ ನೀರೆಲ್ಲ ಬೆರೆತು ನಲ್ಲಿಗೆ ಬರುತ್ತದೆ, ಬೆರೆತದ್ದರಿಂದಲೇ ಅಂಕಿ ಸೌಮ್ಯವಾಗಿ ಕಾಣುತ್ತದೆ. ಪಂಪು ಓಡದಿರುವಾಗ ಇನ್ನೂ ಕೆಟ್ಟದ್ದು ನಡೆಯಬಹುದು. ಆಳದ ಬಿರುಕುಗಳಲ್ಲಿ ಒತ್ತಡ ಕಡಿಮೆಯಿದ್ದರೆ ಮೇಲಿನ ಪದರದ ಕೊಳಕು ನೀರು ಆ ತೂತಿನಲ್ಲೇ ರಾತ್ರಿಯಿಡೀ ಕೆಳಕ್ಕೆ ಸುರಿಯುತ್ತಿರುತ್ತದೆ. ಬಂಕಿನ ಪಕ್ಕ ಬತ್ತಿ ಬಿಟ್ಟ ಹಳೆಯ ಬೋರು ಇದ್ದರೆ ಅದೇ ಮೊದಲ ಅನುಮಾನಿತ. ಅದನ್ನು ಸಿಮೆಂಟು, ಬೆಂಟೊನೈಟ್ ಜೇಡಿಯಿಂದ ತಳದಿಂದ ಬಾಯಿವರೆಗೆ ತುಂಬಿ ಮುಚ್ಚುವ ಕೆಲಸ ಯಾವ ಶುದ್ಧೀಕರಣ ಯಂತ್ರಕ್ಕಿಂತಲೂ ಮುಂಚೆ ಆಗಬೇಕು.

ಆ ಬೋರಿನ ಕೇಸಿಂಗ್ ಎಷ್ಟು ಅಡಿಗೆ ನಿಂತಿದೆ, ನೀರು ಯಾವ ಯಾವ ಆಳದಲ್ಲಿ ಸಿಕ್ಕಿತು ಎಂಬ ದಾಖಲೆ ಕೇಳಿದರೆ ಮನೆಯವರು ಸಾಮಾನ್ಯವಾಗಿ ಇಲ್ಲವೆಂದು ತಲೆಯಾಡಿಸುತ್ತಾರೆ. ಆಗ ಕೊರೆದವರು ಕೊಟ್ಟ ಹಳೆಯ ಬಿಲ್ಲನ್ನು ಹುಡುಕಿಸಬೇಕು. ಕೊರೆತಕ್ಕೆ ಅಡಿಗಿಷ್ಟು, ಕೇಸಿಂಗಿಗೆ ಅಡಿಗಿಷ್ಟು ಎಂದು ಬೇರೆ ಬೇರೆ ದರ ಹಾಕುವುದರಿಂದ ಕೇಸಿಂಗ್ ನಿಂತ ಆಳ ಆ ಚೀಟಿಯಲ್ಲಿ ಇದ್ದೇ ಇರುತ್ತದೆ.